ಕ್ಲೌನ್ ಫಿಶ್ ಮರಿ ಸಾಕೋದು ಹೇಗೆ? ಮೊದಲು ಊಟ ರೆಡಿ ಇರಲಿ

ನಮ್ಮನೆ ಕ್ಲೌನ್ ಫಿಶ್, ಅಂದರೆ ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಸಮುದ್ರ ಮೀನು, ಮೊದಲ ಸಲ ಮೊಟ್ಟೆಯೊಡೆದು ಮರಿ ಮಾಡಿದಾಗ ಮನೆಯೆಲ್ಲ ಸಂಭ್ರಮ. ಮೂರೇ ದಿನ. ನಾಲ್ಕನೇ ಬೆಳಿಗ್ಗೆ ಒಂದೂ ಉಳಿದಿರಲಿಲ್ಲ. ಅವುಗಳ ಪುಟ್ಟ ಬಾಯಿಗೆ ಹಿಡಿಯುವಷ್ಟು ಸಣ್ಣ ಊಟ ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ಹಾಗಾಗಿ ಮೊಟ್ಟೆಗೆ ಮುಂಚೆಯೇ ರೋಟಿಫರ್ ಬೆಳೆಸಿ. ಉಪ್ಪುನೀರಿನಲ್ಲಿ ಧೂಳಿನ ಹಾಗೆ ಕಾಣುವ ಜೀವಿ ಇದು. ಒಂದು ಬಕೆಟ್ ಉಪ್ಪುನೀರು, ಸಣ್ಣಗೆ ಗಾಳಿಗುಳ್ಳೆ, ತಿನ್ನಲು ನ್ಯಾನೋಕ್ಲೋರಾಪ್ಸಿಸ್ ಎಂಬ ಹಸಿರು ಪಾಚಿ. ಇವಿಷ್ಟು ಸಾಕು. ಆದರೆ ಮೊಸರಿಗೆ ಹೆಪ್ಪು ಎತ್ತಿಟ್ಟ ಹಾಗೆ ಎರಡನೇ ಬಕೆಟ್ಟೂ ಇರಲಿ. ರೋಟಿಫರ್ ಒಂದೇ ರಾತ್ರಿಯಲ್ಲಿ ಪೂರ್ತಿ ಸತ್ತುಹೋಗುವುದುಂಟು.

ಜೋಡಿ ಹುಡುಕಲು ಒದ್ದಾಡಬೇಕಿಲ್ಲ. ಕ್ಲೌನ್ ಫಿಶ್‌ಗಳೆಲ್ಲ ಮೊದಲು ಗಂಡೇ. ಜೊತೆಯಲ್ಲಿ ಯಾವುದು ದೊಡ್ಡದೋ ಅದು ಹೆಣ್ಣಾಗುತ್ತದೆ. ಒಸೆಲ್ಲಾರಿಸ್ ಜಾತಿಯ ಎರಡು ಎಳೆ ಮೀನು ತನ್ನಿ, ಒಂದು ದೊಡ್ಡದು, ಒಂದು ಚಿಕ್ಕದು. ಆಮೇಲೆ ಕಾಯಿರಿ. ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

100 ಲೀಟರ್ ತೊಟ್ಟಿ ಸಾಕು. ಬೋರ್‌ವೆಲ್ ನೀರು ಬೇಡ, ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರ ಉಪ್ಪು ಬೆರೆಸಿ. ನೀರಿನ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.024ರ ಆಸುಪಾಸು, ಬಿಸಿ 26ರಿಂದ 28 ಡಿಗ್ರಿ. ಸಮುದ್ರದಲ್ಲಿ ಈ ಮೀನು ಆಸರೆ ಪಡೆಯುವ, ಹೂವಿನ ಹಾಗೆ ಕಾಣುವ ಜೀವಿ ಅನಿಮೋನ್ ಇಲ್ಲದಿದ್ದರೂ ನಡೆಯುತ್ತದೆ. ಮಂಗಳೂರು ಹಂಚಿನ ಒಂದು ಚೂರನ್ನು ಚೆನ್ನಾಗಿ ತೊಳೆದು ಒರಗಿಸಿಡಿ. ಮೀನುಗಳು ಅದನ್ನು ಬಾಯಲ್ಲಿ ಕಚ್ಚಿ ಕಚ್ಚಿ ಉಜ್ಜಲು ಶುರುಮಾಡಿದರೆ ಮೊಟ್ಟೆ ಹತ್ತಿರ ಬಂತು ಅಂತ ಅರ್ಥ.

ಮೊಟ್ಟೆ ಮೊದಲು ಕಿತ್ತಳೆ ಬಣ್ಣ. ಗಂಡು ಹಗಲಿಡೀ ರೆಕ್ಕೆಯಿಂದ ಮೊಟ್ಟೆಗೆ ನೀರು ಬೀಸುತ್ತಾ ಕಾಯುತ್ತದೆ. ಮೊದಲ ಒಂದೆರಡು ಸಲ ತಾವೇ ತಿಂದುಹಾಕಬಹುದು, ಬೇಜಾರು ಮಾಡ್ಕೋಬೇಡಿ. ಏಳೆಂಟು ದಿನಕ್ಕೆ ಮೊಟ್ಟೆಯೊಳಗೆ ಬೆಳ್ಳಿಯ ಹಾಗೆ ಕಣ್ಣು ಹೊಳೆಯುತ್ತದೆ. ಆ ಸಂಜೆಯೇ ಹಂಚನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಕೊಂಡೇ ಮರಿಗಳ ತೊಟ್ಟಿಗೆ ಸಾಗಿಸಿ. ಅದಕ್ಕೆ 20 ಲೀಟರ್ ಸಾಕು. ನೀರು ದೊಡ್ಡ ತೊಟ್ಟಿಯದೇ, ಫಿಲ್ಟರ್ ಬೇಡ, ಸುತ್ತ ಕಪ್ಪು ಕಾಗದ. ಅಪ್ಪನ ರೆಕ್ಕೆಯ ಬದಲು ಮೊಟ್ಟೆ ಪಕ್ಕದಲ್ಲೇ ಗಾಳಿಗುಳ್ಳೆ ಬಿಡಿ. ದೀಪ ಆರಿಸಿ, ಕೋಣೆ ಪೂರ್ತಿ ಕತ್ತಲಾಗಲಿ. ಮೊಟ್ಟೆ ಬಲಿತಿದ್ದರೆ ಒಂದೆರಡು ಗಂಟೆಯಲ್ಲೇ ಒಡೆಯುತ್ತದೆ. ಒಡೆಯದಿದ್ದರೆ ಮರುದಿನ ರಾತ್ರಿವರೆಗೂ ಗುಳ್ಳೆ ನಿಲ್ಲಿಸಬೇಡಿ.

ಬೆಳಿಗ್ಗೆ ಮಂದ ಬೆಳಕು ಕೊಟ್ಟು ರೋಟಿಫರ್ ಬಿಡಿ, ಒಂದು ಮಿಲಿಲೀಟರ್ ನೀರಿಗೆ ಹತ್ತರಂತೆ. ಪಾಚಿಯನ್ನೂ ಸ್ವಲ್ಪ ಹಾಕಿ ನೀರು ತಿಳಿ ಹಸಿರಾಗಿರಲಿ. ಮರಿಗಳು ಮೈಯನ್ನು ಎಸ್ ಆಕಾರಕ್ಕೆ ಬಗ್ಗಿಸಿ ಚಕ್ಕನೆ ಹಾರಿದರೆ ಬೇಟೆ ನಡೆದಿದೆ ಅಂತ ತಿಳಿಯಿರಿ. ವಾರದ ಹೊತ್ತಿಗೆ ಮೊಟ್ಟೆಯಿಂದ ಆಗತಾನೇ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಸೇರಿಸಿ, ಅದರ ಮೊಟ್ಟೆ ಸಿಪ್ಪೆ ಮೊದಲೇ ಸೋಸಿ ತೆಗೆಯಿರಿ.

ಹಸಿವು ಬಿಟ್ಟರೆ ಮರಿಗಳನ್ನು ಕೊಲ್ಲುವುದು ಅಮೋನಿಯಾ. ದಿನಾ ತಳದ ಕಸ ಸಣ್ಣ ಪೈಪಿನಲ್ಲಿ ಎಳೆದು, ಹೊಸ ನೀರನ್ನು ಹನಿ ಹನಿಯಾಗಿ ಬಿಡಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಕೈಯಳತೆಯಲ್ಲಿರಲಿ.

ಹತ್ತು ದಿನದ ಸುಮಾರಿಗೆ ತಲೆಯ ಹಿಂದೆ ಬಿಳಿ ಪಟ್ಟಿ ಮೂಡುತ್ತದೆ. ತೇಲಾಡುತ್ತಿದ್ದ ಮರಿಗಳು ತಳ ಹಿಡಿಯುತ್ತವೆ. ಇಲ್ಲಿಗೆ ಅರ್ಧ ಗೆದ್ದಂತೆ. ಆದರೂ ರೋಟಿಫರ್ ಬಕೆಟ್ ಖಾಲಿ ಮಾಡಬೇಡಿ. ದೊಡ್ಡ ತೊಟ್ಟಿಗೆ ವಾಪಸ್ ಇಟ್ಟ ಹಂಚನ್ನು ಆ ಜೋಡಿ ಅಷ್ಟರಲ್ಲಿ ಮತ್ತೆ ಉಜ್ಜುತ್ತಿರುತ್ತದೆ.