ಮುಟ್ಟಿನ ದಿನ ಲೆಕ್ಕವಿಟ್ಟು ಎಡಿಎಚ್‌ಡಿ ಮಾತ್ರೆಯ ಏರಿಳಿತ ಗುರುತಿಸುವುದು ಹೇಗೆ?

ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ತೆಗೆದುಕೊಳ್ಳುವ ಹಲವು ಹೆಣ್ಣುಮಕ್ಕಳ ದೂರು ಒಂದೇ: ಮುಟ್ಟಿಗೆ ನಾಲ್ಕೈದು ದಿನ ಇರುವಾಗ ಮಾತ್ರೆ ನುಂಗಿದರೂ ನುಂಗದ ಹಾಗೆ. ದಯವಿಟ್ಟು ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಇದರ ಹಿಂದೆ ದೇಹದ ಕಾರಣವೇ ಇರಬಹುದು.

ಈ ಮಾತ್ರೆ ಡೋಪಮಿನ್ (ಗಮನಕ್ಕೆ ಬೇಕಾದ ಮಿದುಳಿನ ರಾಸಾಯನಿಕ) ತಯಾರಿಸುವುದಿಲ್ಲ. ನರಕೋಶ ಹೊರಬಿಟ್ಟ ಡೋಪಮಿನ್ ವಾಪಸ್ ಒಳಗೆ ಹೋಗುವ ಬಾಗಿಲನ್ನು ಮುಚ್ಚುತ್ತದೆ, ಅಷ್ಟೇ. ಹೊರಬಂದದ್ದೇ ಕಡಿಮೆಯಿದ್ದರೆ ಬಾಗಿಲು ಮುಚ್ಚಿ ಉಳಿಸುವುದಾದರೂ ಎಷ್ಟು? ಮಿದುಳಿನ ಸ್ಟ್ರಯೇಟಂ ಭಾಗದಲ್ಲಿ ಡೋಪಮಿನ್ ಬಿಡುಗಡೆಗೆ ಗಾಬಾ ಎಂಬ ರಾಸಾಯನಿಕ ಲಗಾಮು ಹಾಕಿರುತ್ತದೆ. ಎಸ್ಟ್ರಾಡಿಯೋಲ್ (ನಮ್ಮ ಮುಖ್ಯ ಈಸ್ಟ್ರೋಜೆನ್ ಹಾರ್ಮೋನು) ಆ ಲಗಾಮನ್ನು ಸಡಿಲಿಸುತ್ತದೆ, ಮುಟ್ಟಿನ ಹಿಂದಿನ ದಿನಗಳಲ್ಲಿ ಅದೇ ಇಳಿಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಜಿಲ್ ಬೆಕರ್ ಅವರ ಪ್ರಯೋಗಗಳಲ್ಲಿ, ಅಂಡಾಶಯ ತೆಗೆದ ಹೆಣ್ಣಿಲಿಗೆ ಎಸ್ಟ್ರಾಡಿಯೋಲ್ ಕೊಟ್ಟಾಗ ಆಂಫೆಟಮೀನ್‌ನಿಂದ (ಎಡಿಎಚ್‌ಡಿಗೆ ಬಳಸುವ ಇನ್ನೊಂದು ಬಗೆಯ ಉತ್ತೇಜಕ ಔಷಧ) ಹೊಮ್ಮುವ ಡೋಪಮಿನ್ ಹೆಚ್ಚಿತು, ಗಂಡಿಲಿಗಳಲ್ಲಿ ಹಾಗಾಗಲಿಲ್ಲ. 1999ರಲ್ಲಿ ಪ್ರಕಟವಾದ ಷಿಕಾಗೊದ ಅಧ್ಯಯನದಲ್ಲಿ ಮಹಿಳೆಯರಿಗೂ ಆಂಫೆಟಮೀನ್ ಅನುಭವ ಮುಟ್ಟಿನ ಚಕ್ರದ ಮೊದಲರ್ಧದಲ್ಲೇ ಹೆಚ್ಚು ಆಯಿತು. ಎರಡನೇ ಅರ್ಧದಲ್ಲಿ ಏರುವ ಪ್ರೊಜೆಸ್ಟರಾನ್ ಹಾರ್ಮೋನು ಇದನ್ನು ತಗ್ಗಿಸುತ್ತದೆ ಎಂಬುದು ಸಂಶೋಧಕರ ಲೆಕ್ಕ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೀಗಾಗುವುದಿಲ್ಲ. ನಿಮ್ಮದು ಹೇಗೆ ಎಂದು ತಿಳಿಯಲು ನೋಟ್‌ಬುಕ್ಕೇ ದಾರಿ.

1. ದಿನ ಎಣಿಸಿ. ಸರಿಯಾಗಿ ರಕ್ತಸ್ರಾವ ಶುರುವಾದ ದಿನ 1ನೇ ದಿನ. ಅದರ ಹಿಂದಿನ ದಿನದ ಒಂದೆರಡು ಕಲೆಯನ್ನು ಲೆಕ್ಕಕ್ಕೆ ಹಿಡಿದರೆ ಇಡೀ ಪಟ್ಟಿ ಜಾರುತ್ತದೆ. ಅಂಡ ಬಿಡುಗಡೆ 14ನೇ ದಿನವೇ ಎಂದು ಊಹಿಸಬೇಡಿ. 35 ದಿನದ ಚಕ್ರದಲ್ಲಿ ಅದು ಸುಮಾರು 21ಕ್ಕೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಶನ್ ಸ್ಟ್ರಿಪ್‌ನಲ್ಲಿ ಪರೀಕ್ಷಾಗೆರೆ ಪಕ್ಕದ ಗೆರೆಯಷ್ಟೇ ಗಾಢವಾದರೆ, ಸಾಮಾನ್ಯವಾಗಿ 24–36 ಗಂಟೆಯೊಳಗೆ ಅಂಡ ಬಿಡುಗಡೆ.

2. ಹೊತ್ತು ನಿಗದಿ ಮಾಡಿ. ಬೆಳಿಗ್ಗೆ 8ಕ್ಕೆ ಮಾತ್ರೆಯಾದರೆ 10 ಗಂಟೆಗೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ ಬರೆಯಿರಿ. ಸಾಧಾರಣ ಮಾತ್ರೆಯ ಪರಿಣಾಮ 3–4 ಗಂಟೆ ಮಾತ್ರ, ಹಾಗಾಗಿ ಯಾವಾಗ ಇಳಿಯಿತು ಎಂಬುದೂ ಬೇಕು. ಒಂದು ಸಾಲು ಹೀಗಿರಲಿ:

“ದಿನ 25. 8.00ಕ್ಕೆ 10 ಮಿ.ಗ್ರಾಂ. ಗಮನ ಹತ್ತು ಅಂಕಕ್ಕೆ 4. ಇಳಿದದ್ದು 10.30. ನಾಡಿಬಡಿತ 84. ನಿದ್ದೆ 5 ಗಂಟೆ. ಕಾಫಿ 2. ತಿಂಡಿ ಇಲ್ಲ.”

ಈ ಸಾಲನ್ನೇ ನೋಡಿ: ಗಮನ ಕುಸಿದದ್ದು ಹಾರ್ಮೋನಿನಿಂದಲೋ, ಐದೇ ಗಂಟೆ ನಿದ್ದೆಯಿಂದಲೋ? ಒಂದು ದಿನದಿಂದ ಗೊತ್ತಾಗದು. ಅದಕ್ಕೇ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಚಕ್ರ ಬರೆಯಬೇಕು. ವಾರದ ಕೊನೆಗೆ ನೆನಪಿನಿಂದ ತುಂಬಿದ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಸಿಟ್ಟು ಬಂದ ದಿನವಷ್ಟೇ ನೆನಪಿರುತ್ತದೆ.

3. ಬಣ್ಣ ಹಾಕಿ. ಗಮನ 4 ಅಥವಾ ಅದಕ್ಕಿಂತ ಕೆಳಗಿನ ದಿನಗಳಿಗೆ ಕೆಂಪು. ಪ್ರತಿ ಚಕ್ರದಲ್ಲೂ ಕೆಂಪು ಕೊನೆಯ ವಾರದಲ್ಲೇ ಗುಂಪಾದರೆ ಜಾಡು ಸಿಕ್ಕಂತೆ. ಎಲ್ಲೆಂದರಲ್ಲಿ ಚದುರಿದ್ದರೆ ನಿದ್ದೆ, ಥೈರಾಯ್ಡ್, ರಕ್ತಹೀನತೆ ಕಡೆ ನೋಡಬೇಕು. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಹಜ ಏರಿಳಿತ ಇರುವುದಿಲ್ಲ. ಅವರು ಆ ದಿನ ನುಂಗಿದ್ದು ಮಾತ್ರೆ ಪೊಟ್ಟಣದ ಎಷ್ಟನೇ ಗೋಲಿ ಎಂದು ಬರೆಯಲಿ. ಪಿಸಿಓಎಸ್ (ಮುಟ್ಟು ಏರುಪೇರಾಗುವ ಹಾರ್ಮೋನಿನ ಸಮಸ್ಯೆ) ಇದ್ದವರಿಗೆ, ಮುಟ್ಟು ನಿಲ್ಲುವ ಹತ್ತಿರದಲ್ಲಿರುವವರಿಗೆ ದಿನದ ಎಣಿಕೆ ಕೈಕೊಡುತ್ತದೆ. ಅವರು ತಾರೀಖಷ್ಟೇ ಬರೆದರೆ ಸಾಕು.

4. ಪ್ರಮಾಣ ಮುಟ್ಟಬೇಡಿ. ಕೆಂಪು ದಿನ ಎಂದು ನೀವೇ ಇನ್ನೊಂದು ಮಾತ್ರೆ ನುಂಗಿದರೆ ನಾಡಿಬಡಿತ, ರಕ್ತದೊತ್ತಡ ಏರುತ್ತದೆ, ನಿದ್ದೆ ಹಾರುತ್ತದೆ, ಮರುದಿನ ಗಮನ ಇನ್ನೂ ಕೆಡುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು 2023ರಲ್ಲಿ ಒಂಬತ್ತು ಮಹಿಳೆಯರಿಗೆ ಮುಟ್ಟಿನ ಹಿಂದಿನ ದಿನಗಳಲ್ಲಷ್ಟೇ ಪ್ರಮಾಣ ಹೆಚ್ಚಿಸಿ ಅನುಕೂಲ ಕಂಡರು. ಆದರೆ ಅದು ಚಿಕ್ಕ ಗುಂಪು, ವೈದ್ಯರ ನಿಗಾದಲ್ಲಿ ನಡೆದದ್ದು. ಎದೆನೋವು, ತಲೆಸುತ್ತು ಬಂದರೆ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

5. ಮನೋವೈದ್ಯರಿಗೆ ತೋರಿಸಿ. ಕೆಂಪು ದಿನಗಳನ್ನು ಒಂದೇ ಪುಟಕ್ಕಿಳಿಸಿ ಒಯ್ಯಿರಿ. ಮೀಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್ ಔಷಧ, ಅಂದರೆ ಮಾರಾಟಕ್ಕೆ ಬಿಗಿ ನಿಯಮವಿರುವ ಪಟ್ಟಿಯದ್ದು. ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ವೈದ್ಯರು ಪ್ರಮಾಣ ಬದಲಿಸಿದರೆ, ಯಾವ ದಿನಗಳಿಗೆ ಎಷ್ಟು ಎಂದು ಎರಡೂ ಪ್ರತಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಹೆಚ್ಚು ಬೇಕಾದ ಕೊನೆಯ ವಾರದಲ್ಲೇ ಮಾತ್ರೆ ಮುಗಿದಿರುತ್ತದೆ, ಹಳೆಯ ಚೀಟಿಗೆ ಅಂಗಡಿಯವರು ಕೊಡುವಂತಿಲ್ಲ.