ಬಿರುಕು ಬಿಟ್ಟ ಚಿನ್ನ

ವಿರಾಜಪೇಟೆಯಲ್ಲಿ ನಮ್ಮದು ಚಿಕ್ಕ ಅಂಗಡಿ. ಕೆಲಸ ದೊಡ್ಡಪ್ಪ ಕಲಿಸಿದ್ದು. ಪತ್ತಾಕ್, ಕೊಕ್ಕೆತಾತಿ, ಜೋಮಾಲೆ ಅಂತ ಕೊಡವರು ಕೊರಳಿಗೆ ಹಾಕುವ ಒಡವೆಗಳು, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದರೆ ಒಂದಿಷ್ಟು ಪೀಚೆಕತ್ತಿ (ಸೊಂಟಕ್ಕೆ ಸಿಗಿಸುವ ಕಠಾರಿ) ರಿಪೇರಿ. ಹೋದ ಮಳೆಗಾಲದಲ್ಲಿ ಒಂದು ಪತ್ತಾಕ್ ನನ್ನನ್ನು ನಾಲ್ಕು ದಿನ ಕಾಡಿಸಿತು.

ವಯಸ್ಸಾದ ಒಬ್ಬ ಅಮ್ಮ ತುಂಡಾದ ಹಳೇ ಬಳೆಗಳನ್ನೂ 10 ಗ್ರಾಂನ ಅಪ್ಪಟ ಚಿನ್ನದ ಕಾಯಿನನ್ನೂ ತಂದಿದ್ದರು. "ಮೊಮ್ಮಗಳ ಮದುವೆಗೆ ಆಚಾರ್ರೇ, ಬಣ್ಣ ಮಾತ್ರ ಹಳೇದರ ಹಾಗೇ ಕೆಂಪಗಿರಬೇಕು" ಅಂದರು.

ಕಾಯಿನ್ ಲೆಕ್ಕ ಸುಲಭ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಪಾಲು ಚಿನ್ನ. 10 ಗ್ರಾಂ ಅಪ್ಪಟಕ್ಕೆ ಸುಮಾರು 0.92 ಗ್ರಾಂ ಬೇರೆ ಲೋಹ ಸೇರಬೇಕು. ಅದರಲ್ಲಿ ತಾಮ್ರ ಎಷ್ಟು, ಬೆಳ್ಳಿ ಎಷ್ಟು ಅನ್ನುವುದರ ಮೇಲೆ ಬಣ್ಣ. ಬೆಳ್ಳಿ ಜಾಸ್ತಿಯಾದರೆ ಚಿನ್ನ ಬಿಳುಚಿಕೊಂಡು ಹಸಿರು ಛಾಯೆಗೆ ತಿರುಗುತ್ತದೆ, ತಾಮ್ರ ಜಾಸ್ತಿಯಾದರೆ ಕೆಂಪಾಗುತ್ತದೆ. ನಾನು ಎರಡು ಪಾಲು ತಾಮ್ರ, ಒಂದು ಪಾಲು ಬೆಳ್ಳಿ ಹಾಕಿದೆ.

ಚಿನ್ನ ಕರಗುವುದು 1064 ಡಿಗ್ರಿಯಲ್ಲಿ, ತಾಮ್ರ 1085ರಲ್ಲಿ. ಹಾಗಂತ ತಾಮ್ರ ಕರಗಲಿ ಅಂತ 1085ರವರೆಗೆ ಕಾಯಬೇಕಾಗಿಲ್ಲ. ಕರಗಿದ ಚಿನ್ನಕ್ಕೆ ತಾಮ್ರದ ತಂತಿ ಬಿಟ್ಟರೆ, ಕಾಫಿಗೆ ಹಾಕಿದ ಬೆಲ್ಲದ ಹಾಗೆ ತಾನೇ ಕರಗಿ ಹೋಗುತ್ತದೆ. ಎರಡೂ ಸೇರಿದ ಮೇಲೆ ಒಂದೊಂದಾಗಿ ಕರಗುವುದಕ್ಕಿಂತ ಕಡಿಮೆ ಶಾಖ ಸಾಕು. ಬೆಸುಗೆ ನಡೆಯುವುದೇ ಈ ಗುಣದಿಂದ.

ಗಟ್ಟಿತನದ ವಿಷಯ ನನಗೆ ಅರ್ಥವಾದದ್ದು ಕಿತ್ತಳೆ ರಾಶಿ ನೋಡಿ. ಒಂದೇ ಗಾತ್ರದ ಹಣ್ಣು ನೀಟಾಗಿ ಜೋಡಿಸಿದರೆ ಒಂದು ಸಾಲು ಇನ್ನೊಂದರ ಮೇಲೆ ಸಲೀಸಾಗಿ ಜಾರುತ್ತದೆ. ಅಪ್ಪಟ ಚಿನ್ನ ಮೆತ್ತಗಿರುವುದು ಅದಕ್ಕೇ. ಬೆಳ್ಳಿಯ ಕಣ ಹೆಚ್ಚುಕಡಿಮೆ ಚಿನ್ನದಷ್ಟೇ ದೊಡ್ಡದು, ನಡುವೆ ಕೂತರೂ ಸಾಲು ಅಷ್ಟಾಗಿ ಕೆಡುವುದಿಲ್ಲ. ತಾಮ್ರದ್ದು ಹತ್ತರಲ್ಲಿ ಒಂದು ಪಾಲು ಚಿಕ್ಕದು. ಮಧ್ಯೆ ಮಧ್ಯೆ ಪುಟ್ಟ ಹಣ್ಣು ಸೇರಿದ ಹಾಗೆ ಸಾಲು ಸೊಟ್ಟಗಾಗಿ ಜಾರಲು ಬಿಡುವುದಿಲ್ಲ. ಒಡವೆ ಸವೆಯದೆ ಬಾಳುವುದು ಈ ಸೊಟ್ಟತನದಿಂದಲೇ.

ಇಷ್ಟೆಲ್ಲ ಗೊತ್ತಿದ್ದೂ ಎಡವಿದೆ. ಹಳೇ ಬಳೆಗಳನ್ನು ನೋಡಿಯೂ ನೋಡದ ಹಾಗೆ ಮೂಸೆಗೆ ಹಾಕಿಬಿಟ್ಟೆ. ಗಟ್ಟಿ ಎರಕ ಹೊಯ್ದು, ಕಾಯಿಸಿ, ಪಟ್ಟಿ ಎಳೆಯುವ ಮಶೀನಿಗೆ ಕೊಟ್ಟೆ. ಎರಡನೇ ಸುತ್ತಿಗೇ ಅಂಚು ಒಣ ರೊಟ್ಟಿಯಂತೆ ಬಿರಿಯಿತು. ಮೊದಲು ಮಳೆಯನ್ನೇ ಬೈದುಕೊಂಡೆ. ಅಚ್ಚಿನಲ್ಲಿ ತೇವ ಇದ್ದರೆ ಎರಕದಲ್ಲಿ ಗುಳ್ಳೆ ಏಳುತ್ತದೆ. ಆದರೆ ಬಿರುಕನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಳ್ಳೆ ಇಲ್ಲ. ಕಣ ಕಣವಾಗಿ, ಬೂದು ಬಣ್ಣಕ್ಕೆ ಬಿಟ್ಟುಕೊಂಡಿತ್ತು.

ಸೀಸ. ಯಾರೋ ಹಿಂದೆ ಬಳೆಗೆ ರೇಡಿಯೋ ರಿಪೇರಿಯವರ ಸೀಸದ ಬೆಸುಗೆ ಹಾಕಿದ್ದರು. ಕರಗಿದಾಗ ಚಿನ್ನದೊಳಗೆ ಸೀಸ ಸೇರಿಕೊಳ್ಳುತ್ತದೆ. ಆರುವಾಗ ಚಿನ್ನ ಅದನ್ನು ಒಳಗಿಟ್ಟುಕೊಳ್ಳುವುದಿಲ್ಲ, ಅಂಚಿಗೆ ತಳ್ಳುತ್ತದೆ. ಚಿನ್ನದ ಹರಳುಗಳ ಸಂದಿಯಲ್ಲಿ ತೆಳ್ಳಗೆ ಪದರ ಕಟ್ಟುತ್ತದೆ. ಗೋಡೆಯ ಕಲ್ಲು ಗಟ್ಟಿ, ನಡುವಿನ ಗಾರೆ ಮಾತ್ರ ಪುಡಿ, ಹಾಗೆ. ಸಾವಿರಕ್ಕೆ ಒಂದು ಪಾಲು ಸೀಸವೂ ಬೇಡ, ಅದಕ್ಕಿಂತ ಕಡಿಮೆಯೇ ಚಿನ್ನವನ್ನು ಕೆಡಿಸಲು ಸಾಕು. ತಾಮ್ರ ನೂರಕ್ಕೆ ಎಂಟು ಪಾಲು ಸೇರಿದರೂ ಬಲ ಕೊಡುತ್ತದೆ, ಇದು ಚಿಟಿಕೆಯಲ್ಲೇ ಮನೆ ಮುರಿಯುತ್ತದೆ.

ಮತ್ತೆ ಕರಗಿಸಿ ಬಿಳಿಗಾರದ (ಬೋರಾಕ್ಸ್) ಜೊತೆ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಹಾಕಿದೆ. ಪೆಟ್ಲುಪ್ಪು ಸೀಸವನ್ನು ಸುಟ್ಟು ಕಿಟ್ಟ ಮಾಡುತ್ತದೆ, ಬಿಳಿಗಾರ ಅದನ್ನು ಗಾಜಿನಂತೆ ಹಿಡಿದುಕೊಳ್ಳುತ್ತದೆ. ಬಾಗಿಲು ಕಿಟಕಿ ತೆಗೆದೇ ಮಾಡಬೇಕು, ಸೀಸದ ಹೊಗೆ ಒಳ್ಳೆಯದಲ್ಲ. ದೊಡ್ಡಪ್ಪನ ಕಾಲದಲ್ಲಿ ಕ್ಯಾಡ್ಮಿಯಂ ಬೆಸುಗೆ ಮಾಡುವಾಗಲೂ ಕಿಟಕಿ ಮುಚ್ಚಿಯೇ ಇರುತ್ತಿತ್ತು, ಗಾಳಿಗೆ ಉರಿ ಅಲುಗುತ್ತದೆ ಅಂತ. ಈಗ ನೆನೆಸಿಕೊಂಡರೆ ಭಯವಾಗುತ್ತದೆ.

ಮೂರು ಸಲ ಹೀಗೆ ಮಾಡಿದ ಮೇಲೆ ಸಣ್ಣ ತುಂಡನ್ನು ಸುತ್ತಿಗೆಯಲ್ಲಿ ತಟ್ಟಿ, ಮಡಚಿ ನೋಡಿದೆ. ಬಿರಿಯಲಿಲ್ಲ. ಆದರೆ ಪೆಟ್ಲುಪ್ಪು ತಾಮ್ರವನ್ನೂ ಸ್ವಲ್ಪ ತಿಂದಿತ್ತು. ಒರೆಗಲ್ಲಿನ ಮೇಲೆ ಗೆರೆ ಹಳದಿಯಾಗಿ ಬಂತು. ಬೇಕಾದಷ್ಟು ತಾಮ್ರ ಮತ್ತೆ ಸೇರಿಸಿದೆ.

ತೂಕ ಸ್ವಲ್ಪ ಕಡಿಮೆ ಬಂತು. ಅಮ್ಮನಿಗೆ ಫೋನ್ ಮಾಡಿ ಉಳ್ಳದ್ದು ಹೇಳಿದೆ. "ಹೋಗಲಿ ಬಿಡಿ, ಮದುವೆ ಹೊತ್ತಿಗೆ ಕೊಡಿ" ಅಂದರು. ಆದರೂ ಮನಸ್ಸು ತಡೆಯದೆ, ಆ ಬಿಳಿಗಾರದ ಗಾಜನ್ನು ಕುಟ್ಟಿ ನೀರಲ್ಲಿ ಜಾಲಾಡಿದೆ. ಸಾಸಿವೆಯಷ್ಟರ ಎರಡು ಚಿನ್ನದ ಕಾಳು ಸಿಕ್ಕಿದವು. ಪೆಟ್ಲುಪ್ಪಿನ ಜೊತೆ ಇನ್ನೊಮ್ಮೆ ಕರಗಿಸಿ, ಪತ್ತಾಕ್‌ನ ಹಾವಿನ ಹೆಡೆಗೆ ಅದನ್ನೇ ಹಾಕಿದೆ.