ನಾಯಿಯ ಕಿವಿಗೆ ಔಷಧ: ಹನಿ ಬಿಟ್ಟ ಮೇಲೂ ಕಿವಿ ಬಿಡಬೇಡಿ

ಮನೆಯವರೆಲ್ಲ ಸೇರಿ ನಾಯಿಯನ್ನು ಹಿಡಿಯುತ್ತಾರೆ. ಒಬ್ಬರು ತಲೆ, ಒಬ್ಬರು ಸೊಂಟ, ಇನ್ನೊಬ್ಬರು ಸುಮ್ನೆ ಕೂಗಾಡಲಿಕ್ಕೆ. ಹೇಗೋ ನಾಲ್ಕು ಹನಿ ಕಿವಿಗೆ ಬೀಳುತ್ತವೆ. "ಆಯ್ತು, ಬಿಡ್ರಿ" ಅಂದದ್ದೇ ತಡ, ನಾಯಿ ಎದ್ದು ತಲೆ ಕೊಡವುತ್ತದೆ. ಔಷಧ ಗೋಡೆಗೆ, ಕ್ಯಾಲೆಂಡರಿಗೆ, ಹಿಡಿದವರ ಕನ್ನಡಕಕ್ಕೆ. ವಾರ ಕಳೆದ ಮೇಲೆ "ಡಾಕ್ಟರ್ ಕೊಟ್ಟ ಔಷಧ ನಾಟಲಿಲ್ಲ" ಅಂತ ದೂರು. ಒಳಗೆ ಹೋಗಿದ್ದರೆ ತಾನೇ ನಾಟುವುದು? ಕಲಬುರಗಿಯ ನಮ್ಮ ಓಣಿಯಲ್ಲಿ ಈಗ ಲ್ಯಾಬ್ರಡಾರ್‌ಗಳು ಜಾಸ್ತಿ, ಜೋತು ಬಿದ್ದ ಕಿವಿಗಳು ಜಾಸ್ತಿ, ಈ ಕುಸ್ತಿಯೂ ಜಾಸ್ತಿ. ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾಯಿಯ ಕಿವಿನಾಳ ನಮ್ಮದರಂತೆ ನೇರ ಅಲ್ಲ. ಮೊದಲು ಕೆಳಕ್ಕೆ ಇಳಿಯುತ್ತದೆ, ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ತಿರುವು ದಾಟಿದ ಮೇಲೆ. ನಾಳದ ಬಾಯಲ್ಲಿ ಬಿದ್ದ ಹನಿ ತಾನಾಗಿ ಅಲ್ಲಿಗೆ ತಲುಪುವುದಿಲ್ಲ, ನೀವು ಇಳಿಸಬೇಕು. ಕೆಳಗೆ ಬರೆದದ್ದೆಲ್ಲ ಅದಕ್ಕಾಗಿಯೇ.

ಬಾಟಲಿ ಮುಟ್ಟುವ ಮುಂಚೆ

ಕಳೆದ ವರ್ಷ ಉಳಿದ ಬಾಟಲಿ ಕಪಾಟಿನಲ್ಲಿದ್ದರೆ ಬಿಸಾಕಿ. ಕಿವಿ ಕೆರೆತಕ್ಕೆ ಕಾರಣ ಒಂದೇ ಅಲ್ಲ. ಕಂದು ಜಿಡ್ಡು ಮತ್ತು ಮುಗ್ಗಲು ವಾಸನೆ ಇದ್ದರೆ ಹೆಚ್ಚಾಗಿ ಯೀಸ್ಟ್. ಹಳದಿ ಅಥವಾ ಹಸಿರು ಕೀವು ಇದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯಾ. ಕರಿ ಪುಡಿ ಉದುರುತ್ತಿದ್ದರೆ ಕಿವಿ ನುಸಿ ಇರಬಹುದು. ಒಳಗೆ ಉಣ್ಣಿ ಕಚ್ಚಿ ಕೂತಿರಬಹುದು, ಹುಲ್ಲಿನ ಮುಳ್ಳು ಹೊಕ್ಕಿರಬಹುದು. ಕೆಲವು ನಾಯಿಗಳಿಗೆ ಮೂಲದಲ್ಲಿ ಅಲರ್ಜಿ, ಅದಕ್ಕೇ ಮತ್ತೆ ಮತ್ತೆ ಬರುತ್ತದೆ. ಒಂದಕ್ಕೆ ಕೊಟ್ಟ ಔಷಧ ಇನ್ನೊಂದಕ್ಕೆ ಆಗುವುದಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ತಮಟೆಯದು. ಅದು ತೂತಾಗಿದ್ದರೆ ಜೆಂಟಾಮೈಸಿನ್‌ನಂಥ ಔಷಧ ಒಳಗಿವಿಗೆ ಇಳಿದು ನಾಯಿ ಕಿವುಡಾಗಬಹುದು. ಆಟೋಸ್ಕೋಪ್ (ಕಿವಿಯೊಳಗೆ ನೋಡುವ ಉಪಕರಣ) ಹಾಕಿ ನೋಡದೆ ಚೀಟಿ ಬರೆದುಕೊಡುವವರ ಹತ್ತಿರ ನಾನಂತೂ ಎರಡನೇ ಸಲ ಹೋಗುವುದಿಲ್ಲ. ತಲೆ ಒಂದೇ ಕಡೆ ವಾಲಿದ್ದರೆ, ನಡೆಯುವಾಗ ತೂರಾಡುತ್ತಿದ್ದರೆ, ಕಣ್ಣುಗುಡ್ಡೆ ಅದುರುತ್ತಿದ್ದರೆ ಮನೆಯಲ್ಲಿ ಒಂದು ಹನಿಯನ್ನೂ ಹಾಕಬೇಡಿ, ನೇರ ಡಾಕ್ಟರ್ ಹತ್ತಿರ ಹೋಗಿ. ಬೀದರ್ ಕಡೆಯವರಿಗೆ ನಂದಿನಗರದ ಪಶುವೈದ್ಯಕೀಯ ಕಾಲೇಜು ಇದೆ.

ಜಾಗ, ಜನ, ಮೊಸರು

ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಫರಸಿ. ಕಾಲು ಜಾರಿದರೆ ನಾಯಿಗೆ ಅರ್ಧ ಭಯ ಅಲ್ಲೇ ಶುರು. ಒಂದು ತೊಗರಿ ಚೀಲವನ್ನೋ ಹಳೇ ಜಮಖಾನವನ್ನೋ ಹಾಸಿ. ಗೋಡೆ ಮೂಲೆ ಆರಿಸಿಕೊಳ್ಳಿ, ಹಿಂದಕ್ಕೆ ಸರಿಯಲು ಜಾಗ ಇರಬಾರದು. ಆದರೆ ಅದು ನಿದ್ದೆ ಮಾಡುವ ಮೂಲೆ ಬೇಡ, ಊಟದ ಜಾಗ ಬೇಡ, ಅವು ಅದಕ್ಕೆ ನೆಮ್ಮದಿಯ ಜಾಗಗಳು.

ಇಬ್ಬರು ಸಾಕು. ಮೂರನೆಯವರನ್ನು, ಅದರಲ್ಲೂ "ಪಾಪ, ಪಾಪ" ಅನ್ನುವವರನ್ನು ಹೊರಗೆ ಕಳಿಸಿ. ಒಬ್ಬರ ಕೆಲಸ ಮೊಸರಿನ ತಟ್ಟೆ ಹಿಡಿಯುವುದು. ಗಟ್ಟಿ ಮೊಸರನ್ನು ತಟ್ಟೆಗೆ ತೆಳ್ಳಗೆ ಸವರಿದರೆ ನೆಕ್ಕಲಿಕ್ಕೆ ಹೊತ್ತು ಹಿಡಿಯುತ್ತದೆ, ಆ ಹೊತ್ತೇ ನಮಗೆ ಬೇಕಾದದ್ದು. ಬಿಸ್ಕತ್ತು ಒಂದೇ ಗುಕ್ಕಿಗೆ ಮುಗಿಯುತ್ತದೆ, ಅದರಿಂದ ಪ್ರಯೋಜನ ಇಲ್ಲ. ರೊಟ್ಟಿ ತುಂಡಿಗೆ ಶೇಂಗಾ ಚಟ್ನಿ ಹಚ್ಚಿ ಕೊಡುವವರಿದ್ದಾರೆ, ಅದು ಬೇಡವೇ ಬೇಡ. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ, ನಾಯಿಗೆ ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ವಿಷ.

ಬಾಟಲಿಯನ್ನು ಐದು ನಿಮಿಷ ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ತಣ್ಣಗಿನ ಹನಿ ಕಿವಿಗೆ ಬಿದ್ದರೆ ಯಾವ ನಾಯಿಯಾದರೂ ಹಾರುತ್ತದೆ. ಬಿಸಿ ನೀರಲ್ಲಿ ಅದ್ದಬೇಡಿ. ಲೇಬಲ್ ಮೇಲೆ ಎಷ್ಟು ಡಿಗ್ರಿ ಒಳಗೆ ಇಡಬೇಕು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ 25 ಅಥವಾ 30. ಮೇ ತಿಂಗಳಲ್ಲಿ ನಮ್ಮಲ್ಲಿ 42 ದಾಟುತ್ತದೆ, ಹಾಗಾಗಿ ಕಿಟಕಿ ಕಟ್ಟೆ ಮೇಲೆ, ಸ್ಕೂಟರ್ ಡಿಕ್ಕಿಯಲ್ಲಿ ಇಡಬಾರದು. ಎಲ್ಲವನ್ನೂ ಫ್ರಿಜ್ಜಿಗೆ ತುರುಕುವುದೂ ತಪ್ಪು, ಕೆಲವು ಔಷಧಕ್ಕೆ ಫ್ರಿಜ್ ಆಗುವುದಿಲ್ಲ. ಲೇಬಲ್ ಓದಿ, ಇಲ್ಲವೇ ಔಷಧ ಕೊಟ್ಟವರನ್ನು ಕೇಳಿ.

ಕಿವಿ ತೊಳೆಯುವುದು

ಡಾಕ್ಟರ್ ಹೇಳಿದ್ದರೆ ಮಾತ್ರ, ಹೇಳಿದಷ್ಟು ಸಲ ಮಾತ್ರ. ಕಿವಿ ತೊಳೆಯುವ ದ್ರವವನ್ನು ನಾಳದೊಳಗೆ ಬಿಡಿ, ಬುಡವನ್ನು ಹಿಸುಕಿ, ಆಮೇಲೆ ನಾಯಿ ತಲೆ ಕೊಡವಲಿ ಬಿಡಿ. ಇಲ್ಲಿ ಕೊಡವುವುದು ಒಳ್ಳೆಯದು, ಕೊಳೆ ಮೇಲೆ ಬರುತ್ತದೆ. ಬಂದದ್ದನ್ನು ಹತ್ತಿಯಿಂದ ಒರೆಸಿ, ನಿಮ್ಮ ಬೆರಳು ಹೋಗುವಷ್ಟೇ ಆಳಕ್ಕೆ. ಎರಡು ಕಿವಿಗೆ ಎರಡು ಹತ್ತಿ. ಇಯರ್‌ಬಡ್ ಹಾಕಿದರೆ ಕೊಳೆಯನ್ನು ಇನ್ನೂ ಒಳಕ್ಕೆ ನೂಕಿದಂತೆ. ಹತ್ತು ಹದಿನೈದು ನಿಮಿಷ ಒಣಗಲು ಬಿಟ್ಟು ಔಷಧಕ್ಕೆ ಬನ್ನಿ. ಒದ್ದೆ ಕಿವಿಗೆ ಔಷಧ ಹಾಕಿದರೆ ತೆಳುವಾಗಿ ಹೋಗುತ್ತದೆ.

ಅಂಗಡಿಯಲ್ಲಿ ಕಿವಿಗೆ ಹಾಕುವ ಪೌಡರ್ ಅಂತ ಸಿಗುತ್ತದೆ, ಕೈ ಮುಗಿಯುತ್ತೇನೆ, ಸೋಂಕಾದ ಕಿವಿಗೆ ಅದನ್ನು ಹಾಕಬೇಡಿ. ಒಳಗಿನ ಜಿಡ್ಡಿಗೆ ಸೇರಿ ಗಟ್ಟಿ ಮುದ್ದೆಯಾಗಿ ಕೂರುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹುಣ್ಣಾದ ಚರ್ಮಕ್ಕೆ ಉರಿ. ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಅಜ್ಜಿಯಂದಿರ ಕಾಲದಿಂದ ನಮ್ಮ ಕಿವಿಗೆ ನಡೆದುಬಂದಿದೆ, ನಾಯಿಯ ಕಿವಿಗೆ ಬೇಡ. ಹುಳ ಬಿದ್ದಿದೆ ಅಂತ ಸೀಮೆಎಣ್ಣೆ, ಡಾಂಬರು ಗುಳಿಗೆ ಹಾಕುವವರನ್ನು ಕಂಡರೆ ತಡೆಯಿರಿ. ಅದು ಡಾಕ್ಟರ್ ಕೆಲಸ.

ಹನಿ ಹಾಕುವುದು

ಇಲ್ಲಿ ನಿಧಾನವಾಗಿ ಓದಿ.

ಎದುರಿನಿಂದ ಬಾಟಲಿ ಹಿಡಿದು ಬರಬೇಡಿ. ಎರಡನೇ ದಿನಕ್ಕೇ ನಾಯಿ ಆ ಬಾಟಲಿಯನ್ನು ಗುರುತಿಸುತ್ತದೆ, ಮುಚ್ಚಳ ತೆಗೆಯುವ ಸದ್ದು ಕೇಳಿದರೇ ಮಂಚದ ಕೆಳಗೆ ಹೋಗುತ್ತದೆ. ಮುಚ್ಚಳವನ್ನು ಮೊದಲೇ ಸಡಿಲ ಮಾಡಿ ಬಾಟಲಿಯನ್ನು ಜೇಬಿಗೆ ಹಾಕಿಕೊಳ್ಳಿ. ನೀವು ನೆಲದ ಮೇಲೆ ಮಂಡಿಯೂರಿ, ನಾಯಿಯನ್ನು ನಿಮ್ಮ ತೊಡೆಗಳ ನಡುವೆ ಕೂರಿಸಿ, ಎರಡೂ ಮುಖ ಒಂದೇ ಕಡೆಗೆ ಇರಲಿ. ಮೇಲಿಂದ ಬಗ್ಗಿ ನೋಡುವ ಮನುಷ್ಯನಿಗಿಂತ ಬೆನ್ನಿಗೆ ಒರಗಿದ ಮನುಷ್ಯ ಅದಕ್ಕೆ ಎಷ್ಟೋ ವಾಸಿ. ಸಣ್ಣ ನಾಯಿಯಾದರೆ ಚಾದರದಲ್ಲಿ ಕತ್ತಿನವರೆಗೆ ಸುತ್ತಿ, ಬಿಗಿಯಾಗಿ ಅಲ್ಲ, ಉಸಿರಾಡಲಿ. ಮೊಸರಿನ ತಟ್ಟೆ ಮೂಗಿನ ಮುಂದೆ ಬರಲಿ. ನಾಲಿಗೆ ಓಡಲು ಶುರುವಾದ ಮೇಲೆ ಮಾತ್ರ ಕಿವಿ ಮುಟ್ಟಿ.

ನೀವು ಬಲಗೈಯವರಾದರೆ ಎಡಗೈಯಲ್ಲಿ ಕಿವಿಯ ಹಾಳೆಯನ್ನು ಬುಡದ ಹತ್ತಿರ ಹಿಡಿದು ಮೆಲ್ಲಗೆ ಮೇಲಕ್ಕೆ, ಸ್ವಲ್ಪ ಹೊರಕ್ಕೆ ಎಳೆಯಿರಿ. ತುದಿ ಹಿಡಿದು ಜಗ್ಗಿದರೆ ನೋವು. ಸರಿಯಾಗಿ ಎತ್ತಿದಾಗ ನಾಳದ ಬಾಯಿ ಕಾಣುತ್ತದೆ, ಗುಲಾಬಿ ಮಡಿಕೆಗಳ ನಡುವೆ ಒಂದು ಕಪ್ಪು ತೂತು. ಹನಿ ಬೀಳಬೇಕಾದದ್ದು ಅಲ್ಲಿಗೆ. ಹೆಚ್ಚಿನವರ ಔಷಧ ಹಾಳೆಯ ಒಳಮೈ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತದೆ. ಬಾಟಲಿಯ ಮೂತಿ ಕಿವಿಗೆ ತಾಗಬಾರದು. ತಾಗಿದರೆ ಸ್ವಚ್ಛ ಹತ್ತಿಯಿಂದ ಒರೆಸಿ ಮುಚ್ಚಿ, ಇಲ್ಲದಿದ್ದರೆ ಈ ಕಿವಿಯ ಕೊಳೆ ಬಾಟಲಿಗೆ, ಬಾಟಲಿಯಿಂದ ಆ ಕಿವಿಗೆ. ಡಾಕ್ಟರ್ ಹೇಳಿದಷ್ಟೇ ಹನಿ, ಎಣಿಸಿ. ಒಂದು ಆಚೆ ಬಿತ್ತು ಅನಿಸಿದರೆ ಇನ್ನೊಂದು ಹಾಕಿ.

ಈಗ ಬಾಟಲಿ ಕೆಳಗಿಡಿ. ಎಡಗೈ ಬಿಡಬೇಡಿ! ಕಿವಿ ಎತ್ತಿದ ಹಾಗೆಯೇ ಇರಲಿ, ಹನಿ ಕೆಳಗಿಳಿಯುವುದಕ್ಕೆ ಐದಾರು ಕ್ಷಣ ಬೇಕು. ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಕಿವಿಯ ಕೆಳಗೆ, ದವಡೆ ಶುರುವಾಗುವಲ್ಲಿ ತಡಕಿ. ಚರ್ಮದ ಅಡಿಯಲ್ಲಿ ಗಟ್ಟಿಯಾದ ಒಂದು ಕೊಳವೆ ಸಿಗುತ್ತದೆ, ಅದೇ ನಾಳ. ಅದನ್ನು ಮೆಲ್ಲಗೆ ಅಮುಕಿ, ಬಿಡಿ, ಅಮುಕಿ, ಬಿಡಿ. ಪಚಪಚ ಅಂತ ಸದ್ದು ಬರಬೇಕು. ಆ ಸದ್ದು ಬಂದರೆ ಔಷಧ ಕೊಳವೆಯೊಳಗಿದೆ ಅಂತ ಅರ್ಥ, ಬರದಿದ್ದರೆ ನೀವು ಬರೀ ಕೂದಲು ಸವರುತ್ತಿದ್ದೀರಿ. ಅರ್ಧ ನಿಮಿಷ ಹೀಗೆ ಮಾಡಿ. ಬಹಳ ನಾಯಿಗಳಿಗೆ ಇದು ಹಿತ, ಗೋಣು ನಿಮ್ಮ ಕೈಗೇ ಒರಗಿಸುತ್ತವೆ. ಒಳಗೆ ತುಂಬಾ ಊದಿಕೊಂಡಿದ್ದರೆ ಮೊದಲ ದಿನಗಳಲ್ಲಿ ಕುಂಯ್‌ಗುಡುತ್ತವೆ, ಆಗ ಇನ್ನೂ ಹಗುರ. ಆಮೇಲೆ ಕೈ ತೆಗೆಯಿರಿ. ಈಗ ತಲೆ ಕೊಡವಿದರೂ ಚಿಂತೆ ಇಲ್ಲ, ಹಾಳೆಗೆ ಅಂಟಿದ್ದಷ್ಟೇ ಹಾರುತ್ತದೆ. ಅದನ್ನು ಒರೆಸಿ.

ಎರಡೂ ಕಿವಿಗೆ ಹಾಕುವುದಿದ್ದರೆ ನೋವು ಕಡಿಮೆ ಇರುವ ಕಿವಿಯಿಂದ ಶುರು ಮಾಡಿ. ಮೊದಲೇ ನೋಯಿಸಿದರೆ ಎರಡನೆಯದು ಸಿಗುವುದಿಲ್ಲ. ಮುಗಿದ ಮೇಲೆ ಉಳಿದ ಮೊಸರು, ಒಂದು ಸಣ್ಣ ಆಟ, ಆಮೇಲೆ ಬಿಡುಗಡೆ.

ಗುರ್ ಅಂದರೆ

ನಿಲ್ಲಿಸಿ. ಗುರ್ ಅನ್ನುವುದು ಸೊಕ್ಕಲ್ಲ, ನೋವು. ಅದಕ್ಕೆ ಹೊಡೆದರೆ ಮುಂದಿನ ಸಲ ಗುರ್ ಅನ್ನದೆ ನೇರ ಕಚ್ಚುತ್ತದೆ. ನೋವು ಕಡಿಮೆ ಮಾಡುವ ಔಷಧ ಕೊಡಿ ಅಂತ ಡಾಕ್ಟರನ್ನೇ ಕೇಳಿ, ನಿಮ್ಮ ಮನೆಯ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಬಾಯಿಗೆ ಕಟ್ಟಲೇಬೇಕಾದರೆ ಬುಟ್ಟಿಯಂಥ ಮಜಲ್ ಇರಲಿ, ಅದರಲ್ಲಿ ನಾಲಿಗೆ ಚಾಚಿ ಏದುಸಿರು ಬಿಡಬಹುದು. ನಮ್ಮ ಬಿಸಿಲಲ್ಲಿ ಬಾಯಿಗೆ ದಾರ ಬಿಗಿದು ಹೊತ್ತುಗಟ್ಟಲೆ ಇಟ್ಟರೆ ಅದಕ್ಕೆ ಮೈ ತಂಪು ಮಾಡಿಕೊಳ್ಳಲು ದಾರಿಯೇ ಇರುವುದಿಲ್ಲ. ಡಾಕ್ಟರೇ ಒಮ್ಮೆ ಹಾಕಿದರೆ ವಾರಗಟ್ಟಲೆ ಕಿವಿಯಲ್ಲಿ ಉಳಿಯುವ ಔಷಧಗಳೂ ಇವೆ. ದುಬಾರಿ, ಆದರೆ ದಿನಾ ಯುದ್ಧ ಮಾಡುವ ಮನೆಗೆ ಅದೇ ಸರಿ, ಸಿಗುತ್ತದಾ ಅಂತ ಕೇಳಿ ನೋಡಿ. ಕಚ್ಚಿತು ಅಂದುಕೊಳ್ಳಿ, ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ನಲ್ಲಿ ನೀರಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಮನೆ ನಾಯಿ ತಾನೇ ಅಂತ ಕೂರಬೇಡಿ.

ವಾಸನೆ ಹೋಯಿತು, ಕೆರೆತ ನಿಂತಿತು ಅಂತ ಮೂರನೇ ದಿನಕ್ಕೆ ಔಷಧ ನಿಲ್ಲಿಸುವವರೇ ಜಾಸ್ತಿ. ಕೋರ್ಸ್ ಮುಗಿಸಿ, ಮುಗಿದ ಮೇಲೆ ಇನ್ನೊಮ್ಮೆ ತೋರಿಸಿ. ಔಷಧ ಶುರು ಮಾಡಿದ ಮೇಲೆ ಕಿವಿ ಇನ್ನೂ ಕೆಂಪಾದರೆ, ಕರೆದರೆ ಕೇಳದ ಹಾಗಾದರೆ, ತಲೆ ವಾಲಿದರೆ ತಕ್ಷಣ ನಿಲ್ಲಿಸಿ ಫೋನ್ ಮಾಡಿ. ತಲೆ ಕೊಡವಿ ಕೊಡವಿ ಕಿವಿಯ ಹಾಳೆ ಉಬ್ಬಿದ ರೊಟ್ಟಿಯಂತಾದರೆ ಒಳಗೆ ರಕ್ತ ತುಂಬಿದೆ ಅಂತ ತಿಳಿಯಿರಿ. ಸೂಜಿ ಚುಚ್ಚುವ ಸಾಹಸ ಬೇಡ, ಡಾಕ್ಟರ್ ಹತ್ತಿರ ಹೋಗಿ.

ಬೇಸಿಗೆಯಲ್ಲಿ ತಂಪಾಗಲಿ ಅಂತ ಪೈಪು ಹಿಡಿದು ನಾಯಿಯ ತಲೆ ಮೇಲೆ ನೀರು ಬಿಡುತ್ತಾರಲ್ಲ, ಎಷ್ಟೋ ಕಿವಿ ಸೋಂಕು ಅಲ್ಲಿಂದಲೇ ಶುರು. ಕತ್ತಿನ ಕೆಳಗೆ ಎಷ್ಟಾದರೂ ಸುರಿಯಿರಿ, ತಲೆಗೆ ಒದ್ದೆ ಬಟ್ಟೆ ಸಾಕು. ಸ್ನಾನಕ್ಕೆ ಮುಂಚೆ ಕಿವಿಗೆ ಹತ್ತಿ ಇಡುವವರು ಕೊಂಚ ದೊಡ್ಡ ಉಂಡೆಯನ್ನೇ ಇಡಿ, ಸ್ನಾನ ಮುಗಿದದ್ದೇ ತೆಗೆಯಿರಿ.